ಕಣ್ಣಂಚಿನ ಹೆಸರು

ಕನ್ನಡಕದಂಗಡಿಗೆ ಹೋಗುವ ದಾರಿಯುದ್ದಕ್ಕೂ ಅವಳು ಗಂಡನಿಗಿಂತ ಒಂದು ಹೆಜ್ಜೆ ಹಿಂದೆಯೇ ಉಳಿದಳು. ಪಕ್ಕದಲ್ಲಿ ನಡೆದರೆ ಅವನು ಮುಖ ತಿರುಗಿಸಿ ಏನಾದರೂ ಕೇಳುತ್ತಾನೆ. ಕೇಳಿದ ಮೇಲೆ ಉತ್ತರ ಹೇಳಬೇಕು. ಉತ್ತರ ಹೇಳುವಾಗ ಅವನು ಕೈಗಳನ್ನು ನೋಡುವುದಿಲ್ಲ, ಕಣ್ಣನ್ನು ನೋಡುತ್ತಾನೆ. ಹುಟ್ಟಿದಂದಿನಿಂದ ಕಿವಿ ಕೇಳದ ಅವನಿಗೆ ಅವಳ ಕೈಗಳು ಹೇಳುವುದು ಸುದ್ದಿ ಮಾತ್ರ, ಆ ಸುದ್ದಿ ಎಂಥದೆಂದು ಹೇಳುವುದು ಕಣ್ಣು. ಆದರೆ ಕಣ್ಣಿನ ಶಸ್ತ್ರಕ್ರಿಯೆಯಾದಂದಿನಿಂದ ಅವಳ ಮುಖದ ಮೇಲೆ ಆಸ್ಪತ್ರೆಯವರು ಕೊಟ್ಟ ಕಪ್ಪು ಪ್ಲಾಸ್ಟಿಕ್ಕಿನ ಕನ್ನಡಕ ಕುಳಿತಿತ್ತು, ಎರಡೂ ಬದಿಗೆ ಕದ ಹಾಕಿದ ಹಾಗೆ. ಆ ಕತ್ತಲೆಯೊಳಗಿನಿಂದ ಅವಳು ಗಂಡನ ಬೆನ್ನನ್ನು, ಅಂಗಿಯ ಭುಜದ ಬಳಿ ಹೊಲಿಗೆ ಬಿಟ್ಟು ಇಣುಕುತ್ತಿದ್ದ ಬನೀನನ್ನು ನೋಡುತ್ತ ನಡೆದಳು. ಸೋಮವಾರ ಬೆಳಗ್ಗೆ ಈ ಬೆನ್ನು ಎಂದಿನಂತೆ ಪೀಠೋಪಕರಣದ ಕಾರ್ಖಾನೆಯ ಬಾಗಿಲು ದಾಟುತ್ತದೆ. ಒಳಗೆ ಅವನ ಜಾಗದಲ್ಲಿ ಬೇರೆ ಯಾರೋ ನಿಂತಿರುತ್ತಾನೆ. ಇಂದು ಶನಿವಾರ. ಅವನಿಗೆ ಗೊತ್ತಿಲ್ಲ.

ಬುಧವಾರ ಸಂಜೆ ಮಾಲೀಕ ಫೋನು ಮಾಡಿದ್ದ. ಫೋನು ಬಂದರೆ ಅವಳೇ ಎತ್ತಬೇಕು, ಮನೆಗೆ ಇರುವುದು ಅವಳ ಎರಡು ಕಿವಿಗಳೇ. "ನೋಡಮ್ಮಾ, ಹೇಗೆ ಹೇಳ್ಬೇಕೋ ಗೊತ್ತಾಗ್ತಾ ಇಲ್ಲ. ಪಾಲಿಶ್ ಕೆಲಸಕ್ಕೆ ಮಷೀನು ತರಿಸಿದೀವಿ. ಪೈಪಲ್ಲಿ ಹೊಡೆದರೆ ಒಂದು ಮಂಚ ಅರ್ಧ ಗಂಟೆಲಿ ಮುಗಿಯುತ್ತೆ. ನಿಮ್ಮೋರು ಒಂದು ಮಂಚದ ಕಾಲಿಗೇ ಒಂದು ದಿನ ಕೂರ್ತಾರೆ. ಕೈ ಅಂದ್ರೆ ಕೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಆ ಕೈ ಯಾರಿಗೆ ಬೇಕು ಹೇಳು? ಸೋಮವಾರದಿಂದ ಬರೋದು ಬೇಡ. ಬರೆದು ತೋರಿಸೋಣ ಅಂತಿದ್ದೆ, ಮನಸ್ಸು ಬರಲಿಲ್ಲ. ನೀನೇ ಹೇಳಿಬಿಡಮ್ಮ. ನೀನು ಹೇಳಿದರೆ ಅವನಿಗೆ ಅಷ್ಟು ನೋವಾಗಲ್ಲ." ಅವಳು "ಹೂಂ" ಎಂದಿದ್ದಳು. ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಳು. ಫೋನು ಇಟ್ಟು ತಿರುಗಿದರೆ ಅವನು ಬಾಗಿಲಲ್ಲೇ ನಿಂತಿದ್ದ. ಬೆರಳಿಗೆ ಉಂಗುರ ತಿರುಗಿಸಿದ ಹಾಗೆ ಮಾಡಿದ. ಅದು ಮಾಲೀಕನ ಹೆಸರು. ಏನಂತೆ? ಅವಳ ಕೈ ತಾನಾಗಿಯೇ ಮೇಲೆದ್ದು, "ನನ್ನ ಕಣ್ಣು ಹೇಗಿದೆ ಅಂತ ಕೇಳಿದ್ರು" ಎಂದುಬಿಟ್ಟಿತು. ಅವನು ಅವಳ ಮುಖವನ್ನು ನೋಡಿದ, ಕಪ್ಪು ಕನ್ನಡಕವನ್ನು ನೋಡಿದ, ತಲೆಯಾಡಿಸಿದ. ಒಳ್ಳೆಯ ಮನುಷ್ಯ, ಎಂದ. ಮದುವೆಯಾದ ಮೇಲೆ ಅವಳು ಹೇಳಿದ ಸುಳ್ಳುಗಳಲ್ಲಿ ಅವನಿಗೆ ತಗಲದೆ ದಾಟಿಹೋದ ಮೊದಲನೆಯದು ಅದು. ಭಯವಾಗುವ ಮೊದಲು, ಒಂದೇ ಒಂದು ಕ್ಷಣ, ಅವಳಿಗೆ ಹಗುರವಾಗಿತ್ತು. ಆ ಒಂದು ಕ್ಷಣವೇ ಈಗ ಅವಳನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ.

ಅವನ ಕಣ್ಣು ತಪ್ಪಿಸಿ ಬದುಕುವುದು ಎಂದೂ ಆಗಿರಲಿಲ್ಲ. ಹೊಸದರಲ್ಲಿ, ಅವಳಿಗೆ ಕೈಮಾತು ಬರದಿದ್ದಾಗ, ಅವನೇ ಒಂದು ಆಟ ಕಟ್ಟಿದ್ದ: ಅವಳು ಏನಾದರೊಂದು ಹೇಳಬೇಕು, ಅದು ನಿಜವೋ ಸುಳ್ಳೋ ಅವನು ಹೇಳುತ್ತಾನೆ. ನಿಜವಾದರೆ ಅಂಗೈ ನೇರ, ಸುಳ್ಳಾದರೆ ತೋರುಬೆರಳು ಗಾಳಿಯಲ್ಲಿ ಹಾವಿನ ಹಾಗೆ ಸೊಟ್ಟಗೆ ಹರಿಯಬೇಕು. ಅವಳು ಕೈಮಾತು ಕಲಿತದ್ದು ಆ ಆಟದಲ್ಲಿ. ಸೋಲುವುದನ್ನು ಕಲಿತದ್ದೂ ಅದರಲ್ಲೇ. ಅವನು ಮನೆಗೆಂದು ಒಂದು ಪುಟ್ಟ ಕಪಾಟಿಗೆ ಪಾಲಿಶ್ ಮಾಡಿ ತಂದಾಗ ಅವಳು ಚೆನ್ನಾಗಿದೆ ಎಂದಳು. ಅವನು ಅವಳ ಕಣ್ಣನ್ನು ನೋಡಿ ಕಪಾಟನ್ನು ಹೊತ್ತುಕೊಂಡು ಹೋದ. ಮತ್ತೆ ಉಜ್ಜಿ ತಂದ. ಚೆನ್ನಾಗಿದೆ. ಮತ್ತೆ ಹೊತ್ತುಕೊಂಡು ಹೋದ. ಕೊನೆಗೆ ಅವಳು ರೋಸಿಹೋಗಿ, "ಬಣ್ಣ ಹಿಡಿಸಿಲ್ಲ, ಏನೀಗ?" ಎಂದು ಕೈ ಬೀಸಿದಾಗ ಗೋಡೆಗೆ ಒರಗಿ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಿದ್ದ. ಆಗ ಅದು ತಮಾಷೆ. ಬರಬರುತ್ತ ಅವಳಿಗೆ ಬೇಸರವಾದರೆ ಬೇಸರ, ಸಿಟ್ಟು ಬಂದರೆ ಸಿಟ್ಟು, ಎಲ್ಲೋ ಮೂಲೆಯಲ್ಲಿ ಇವನನ್ನು ಯಾಕಾದರೂ ಕಟ್ಟಿಕೊಂಡೆನೋ ಎಂದು ಸುಳಿದರೆ ಅದು ಕೂಡ, ಹುಟ್ಟಿದ ಗಳಿಗೆಯಲ್ಲೇ ಅವನ ಕೈಸೇರುತ್ತಿತ್ತು. ಬೇರೆ ಹೆಂಗಸರಿಗೆ ಗಂಡನ ಎದುರು ಇಟ್ಟುಕೊಳ್ಳುವುದಕ್ಕೆ ಒಂದು ದನಿಯಿದೆ, "ಏನಿಲ್ಲ ರೀ" ಎನ್ನುವ ದನಿ. ಅವಳಿಗೆ ಅದಿಲ್ಲ.

ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಅವಳು ಅದನ್ನು ನೆನೆಯಬಾರದೆಂದುಕೊಂಡಾಗಲೆಲ್ಲ ಅದೇ ಬಂದು ಎದುರು ನಿಲ್ಲುತ್ತಿತ್ತು. ಮಾವ ತೀರಿಕೊಂಡ ಸುದ್ದಿ ಬಂದದ್ದೂ ಫೋನಿನಲ್ಲೇ, ಅವಳ ಕಿವಿಗೇ. ಕಾರ್ಖಾನೆಯವರೆಗೆ ಹೋಗಿ, ಅರಗು ಸ್ಪಿರಿಟ್ಟುಗಳ ವಾಸನೆಯ ನಡುವೆ ಕುರ್ಚಿಯೊಂದರ ಕೈಗೆ ಬಟ್ಟೆಯುಂಡೆ ಒತ್ತಿ ಉಜ್ಜುತ್ತಿದ್ದ ಅವನ ಎದುರು ನಿಂತಳು. ಹೇಗೆ ಶುರುಮಾಡಲಿ ಎಂದು ದಾರಿಯುದ್ದಕ್ಕೂ ಕೈಗಳಿಗೆ ಪಾಠ ಮಾಡಿಕೊಂಡು ಬಂದಿದ್ದಳು. ಕೈ ಎತ್ತುವ ಮೊದಲೇ ಅವನು ಅವಳ ಕಣ್ಣನ್ನು ನೋಡಿದ. ಬಟ್ಟೆಯುಂಡೆ ಕೆಳಗೆ ಬಿತ್ತು. ಆಮೇಲೆ ಎಷ್ಟೋ ತಿಂಗಳ ತನಕ ಅವನು ಅವಳನ್ನು ನೋಡುವಾಗ ಒಂದು ಸಣ್ಣ ಹಿಂಜರಿಕೆ ಇರುತ್ತಿತ್ತು, ಬಾಗಿಲು ತೆರೆಯುವ ಮುಂಚೆ ಒಳಗೆ ಯಾರಿದ್ದಾರೋ ಎಂದು ನಿಂತು ಕೇಳುವವರ ಹಾಗೆ. ಅಪ್ಪನನ್ನು ಕೊಂದದ್ದು ಕಾಯಿಲೆಯಲ್ಲ, ಅವಳ ಕಣ್ಣುಗಳು. ಹಾಗೆಂದು ಅವನು ಎಂದೂ ಹೇಳಿರಲಿಲ್ಲ. ಆದರೆ ಊರಿನ ಕೆಟ್ಟ ಸುದ್ದಿಯೆಲ್ಲ ಅವನಿಗೆ ತನ್ನ ಮುಖದಿಂದಲೇ ಯಾಕೆ ತಲುಪಬೇಕು? ಹೇಳುವವರು ಹೇಳಿ, "ನೀನೇ ಹೇಳಿಬಿಡಮ್ಮ" ಎಂದು ಫೋನು ಇಟ್ಟು ಕೈತೊಳೆದುಕೊಳ್ಳುತ್ತಾರೆ.

ಅವನು ತಟ್ಟನೆ ನಿಂತ. ಅವಳು ಅವನ ಬೆನ್ನಿಗೆ ಮುಗ್ಗರಿಸಿದಳು. ತಿರುಗಿ ನಗುತ್ತ, ಎರಡು ಕೈಯ ಬೆರಳುಗಳನ್ನು ಉಂಗುರ ಮಾಡಿ ಕಣ್ಣುಗಳ ಮೇಲಿಟ್ಟುಕೊಂಡು, "ಕಾಣುತ್ತೋ ಇಲ್ವೋ?" ಎಂದ. ಆ ಉಂಗುರಗಳು ಈಗ ಅವಳ ಹೆಸರು. ಕಾಗದದಲ್ಲಿರುವ ಹೆಸರನ್ನು ಅವನು ಬಾಯಿಂದ ಹೊರಡಿಸಲಾರ. ಮದುವೆಗೆ ಮುಂಚೆ ಅವಳನ್ನು ನೋಡಲು ಬಂದ ದಿನವೇ ತನ್ನದೊಂದು ಹೆಸರು ಇಟ್ಟಿದ್ದ. ತೋರುಬೆರಳಿನಿಂದ ಬಲಗಣ್ಣಿನ ಅಂಚನ್ನು ಮುಟ್ಟಿ ಚೂರು ಮೇಲಕ್ಕೆ ಎಳೆಯುವುದು. ಅವಳ ಕಣ್ಣಂಚು ಹಾಗೆ ಮೇಲಕ್ಕೆ ತಿರುಗಿದೆಯೆಂದು. ಆಸ್ಪತ್ರೆಯಿಂದ ಬಂದ ದಿನ ತಮಾಷೆಗೆಂದು ಬದಲಾಯಿಸಿದ. ಅವಳೂ ನಕ್ಕಿದ್ದಳು. ಆದರೆ ಆ ದಿನದಿಂದ ಅವನು ಒಮ್ಮೆಯೂ ಹಳೆಯ ಹೆಸರು ಹಿಡಿದು ಕರೆದಿಲ್ಲವೆಂಬುದು ಈಗ, ಬೀದಿಯ ನಡುವೆ, ಮೂಗಿಗೆ ಬಡಿದ ಹಾಗೆ ಅವಳಿಗೆ ಹೊಳೆಯಿತು.

ಕಣ್ಣಿನ ಕೇಡಿಗೆ ಕಾರಣ ಚಾದರಗಳು. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ ತಾರಸಿಯ ಮೇಲೆ. ಕೆಳಗಿನಿಂದ ಒದ್ದೆ ಚಾದರಗಳ ಬುಟ್ಟಿ ಬರುತ್ತದೆ. ಒಂದೊಂದನ್ನೇ ಕೊಡವಿ ತಂತಿಗೆ ಹಾಕಿ, ಅಂಚಿಗೆ ಅಂಚು ಕೂಡಿಸಿ ಕ್ಲಿಪ್ಪು ಸಿಕ್ಕಿಸಬೇಕು. ನಡುಹಗಲಿನಲ್ಲಿ ಆ ಸಾಲುಗಳ ಮಧ್ಯೆ ನಿಂತರೆ ಸೂರ್ಯ ಒಬ್ಬನಲ್ಲ, ಚಾದರಕ್ಕೊಬ್ಬ. ವರ್ಷಗಟ್ಟಲೆ ಕಣ್ಣು ಕಿರಿದುಮಾಡಿಕೊಂಡು ದುಡಿದದ್ದಕ್ಕೆ ಬಲಗಣ್ಣಿನ ಬಿಳಿಯ ಮೇಲೆ ಮಾಂಸದ ಒಂದು ತೆಳುವಾದ ಎಳೆ ಹುಟ್ಟಿ ಕರಿಗುಡ್ಡೆಯ ಕಡೆಗೆ ತೆವಳುತ್ತ ಬಂತು. ವೈದ್ಯೆ ಅದನ್ನು ಕೆರೆದು ತೆಗೆದಳು. "ಬಿಸಿಲು ತಗಲಿದರೆ ಮತ್ತೆ ಬೆಳೆಯುತ್ತಮ್ಮ. ಒಳ್ಳೇ ತಂಪು ಕನ್ನಡಕ ತಗೊಳ್ಳಿ, ಹೊರಗಿದ್ದಷ್ಟು ಹೊತ್ತೂ ಹಾಕ್ಕೊಳ್ಳಿ. ಮನೆಯೊಳಗೂ ಬೆಳಕು ಚುಚ್ಚಿದರೆ ಹಾಕ್ಕೊಳ್ಳಿ, ತಪ್ಪೇನಿಲ್ಲ." ಮನೆಯೊಳಗೂ. ಆ ಪದವನ್ನು ಅವಳು ಆಸ್ಪತ್ರೆಯಿಂದ ಸೆರಗಿನಲ್ಲಿ ಗಂಟು ಕಟ್ಟಿಕೊಂಡ ಹಾಗೆ ಮನೆಗೆ ತಂದಿದ್ದಳು. ಇಸ್ತ್ರಿ ಮಾಡುವ ಅಕ್ಕ, ಕೆಲಸದಲ್ಲಿ ಅವಳಿಗಿರುವ ಒಬ್ಬಳೇ ಗೆಳತಿ, ನಿನ್ನೆ ಕೇಳಿದ್ದಳು: "ಏನೇ, ಒಳಗೂ ಕಪ್ಪು, ಹೊರಗೂ ಕಪ್ಪು! ಕಿವಿ ಕೇಳದ ರಾಜ, ಕಣ್ಣು ಕಾಣದ ರಾಣಿ. ಒಳ್ಳೇ ಜೋಡಿ ಕಣೇ ನಿಮ್ಮದು. ಜಗಳ ಆದ್ರೆ ಹೇಗೆ ಆಡ್ತೀರ?" "ಆಡೋದೇ ಇಲ್ಲಕ್ಕ" ಎಂದಿದ್ದಳು. "ಹಾಗಾದ್ರೆ ಏನೋ ಕೆಟ್ಟಿದೆ" ಎಂದು ಅಕ್ಕ ಇಸ್ತ್ರಿಪೆಟ್ಟಿಗೆಗೆ ನೀರು ಚಿಮುಕಿಸಿ ಚುರ್ರೆನಿಸಿದ್ದಳು.

ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದರೆ ಗೋಡೆಯ ತುಂಬ ಕನ್ನಡಕಗಳು, ಮುಖಗಳನ್ನು ಎಲ್ಲೋ ಬಿಟ್ಟು ಬಂದ ಕಣ್ಣುಗಳು. ಅಂಗಡಿಯ ಹುಡುಗಿ ಮೊದಲು ಅವನನ್ನು ಮಾತಾಡಿಸಿದಳು. "ಬನ್ನಿ ಸರ್, ಏನು ನೋಡ್ತೀರಾ?" ಅವನು ನಕ್ಕ. ಹುಡುಗಿ ದನಿ ಏರಿಸಿದಳು. ಅವನು ಇನ್ನಷ್ಟು ನಕ್ಕ. "ಅವರಿಗೆ ಕೇಳ್ಸಲ್ಲ" ಎಂದು ಇವಳು ಹೇಳಬೇಕಾಯಿತು. "ಅಯ್ಯೋ, ಪಾಪ," ಎಂದ ಹುಡುಗಿ ಇವಳ ಆಸ್ಪತ್ರೆ ಕನ್ನಡಕವನ್ನು ನೋಡಿ ಸ್ಟೂಲನ್ನು ಕಾಲಬಳಿಗೇ ತಂದಿಟ್ಟು, ಅವಳ ಕೈಹಿಡಿದು ಕೂರಿಸಹೋದಳು. "ಇಲ್ಲಿದೆ ನೋಡಿ ಆಂಟಿ, ನಿಧಾನ, ನಿಧಾನ." "ನನಗೆ ಕಾಣುತ್ತಮ್ಮ!" ಎಂದ ದನಿ ತನಗೇ ತೀರ ಗಡುಸಾಗಿ ಕೇಳಿಸಿತು. ಪಕ್ಕದ ಗಿರಾಕಿಯೊಬ್ಬಳು ತಿರುಗಿ ನೋಡಿದಳು. ಹುಡುಗಿ ನಾಲಗೆ ಕಚ್ಚಿಕೊಂಡು ಆಂಟಿಯಿಂದ ಮೇಡಂಗೆ ಬಂದಳು. ಏನಾಯಿತು ಎಂದು ಅವನು ಕೇಳಿದ. ಏನಿಲ್ಲ, ಎಂದಳು ಅವಳು. ಅವನು ಅದನ್ನೂ ನಂಬಿದ. ಅದು ಅವಳಿಗೆ ಚುಚ್ಚಿತು. ಬುಧವಾರದಿಂದ ದಿನವೂ ಹೀಗೆಯೇ: ಊಟ ಬಡಿಸುವಾಗ ಕನ್ನಡಕದ ಹಿಂದೆ ಕಣ್ಣು ತುಂಬಿ ಕೆನ್ನೆಗಿಳಿದರೆ, "ಔಷಧಿ ಹಾಕಿದ್ದು ಸೋರುತ್ತಿದೆ" ಎನ್ನುತ್ತಾಳೆ, ಅವನು ಒರೆಸಿಕೋ ಎಂದು ಟವೆಲು ಕೊಟ್ಟು ಮತ್ತೆ ತಟ್ಟೆಗೆ ಬಾಗುತ್ತಾನೆ. ಹಿಡಿದುಬಿಡು, ಎಂದು ಅವಳು ಒಳಗೊಳಗೇ ಅವನನ್ನು ಬೈದದ್ದುಂಟು. ಇಷ್ಟು ವರ್ಷ ಹಿಡಿದೆಯಲ್ಲ, ಈಗೇನಾಯಿತು ನಿನಗೆ?

"ಇದು ಕೊಡಿ," ಎಂದು ಅವಳು ನೇರವಾಗಿ ಅತಿ ದೊಡ್ಡದನ್ನು, ಅತಿ ಕಪ್ಪನೆಯದನ್ನು ತೋರಿಸಿದಳು. ಹುಬ್ಬಿನ ಮೇಲಿನಿಂದ ಕೆನ್ನೆಯ ಅರ್ಧದವರೆಗೆ ಮುಚ್ಚುವಂಥದು. "ಡಾಕ್ಟರು ಹೇಳಿದಾರೆ. ಕಣ್ಣಿಗೆ ರಕ್ಷಣೆ ಬೇಕು."

"ಮೇಡಂ, ರಕ್ಷಣೆಗೂ ಕಪ್ಪಿಗೂ ಸಂಬಂಧ ಇಲ್ಲ. ಎಲ್ಲರೂ ಹಾಗೇ ಅಂದ್ಕೊಳ್ತಾರೆ." ಹುಡುಗಿ ಒಂದು ಪುಟ್ಟ ಟಾರ್ಚು ತೆಗೆದು ಬಿಳಿಯ ಚೀಟಿಯೊಂದರ ಮೇಲೆ ನೇರಳೆ ಬೆಳಕು ಬಿಟ್ಟಳು. ಚೀಟಿಯಲ್ಲಿ ಇಲ್ಲದ ಹೂವೊಂದು ಹೊಳೆಯಿತು. ನಡುವೆ ಕಪ್ಪು ಕನ್ನಡಕ ಹಿಡಿದಳು, ಹೂವು ಆರಿತು. ತಿಳಿ ಚಹಾದ ಬಣ್ಣದ ಇನ್ನೊಂದನ್ನು ಹಿಡಿದಳು, ಆಗಲೂ ಆರಿತು. "ನೋಡಿದ್ರಾ? ಕೆಟ್ಟ ಕಿರಣ ತಡೆಯೋ ಗುಣ ಗಾಜಿನಲ್ಲೇ ಇರುತ್ತೆ, ಬಣ್ಣದಲ್ಲಲ್ಲ. ಆ ಗುಣ ಇಲ್ಲದೆ ಬರೀ ಕಪ್ಪಿದ್ರೆ ಇನ್ನೂ ಅಪಾಯ, ಕತ್ತಲೆ ಅಂತ ಕಣ್ಣು ದೊಡ್ಡದಾಗಿ ತೆರ್ಕೊಳ್ಳುತ್ತೆ, ಎಲ್ಲಾ ಒಳಗೆ ಹೋಗುತ್ತೆ. ನಮ್ಮಲ್ಲಿ ಎಲ್ಲಾ ಒಳ್ಳೇವೇ. ನಿಮಗೆ ಮುಖಕ್ಕೆ ಒಪ್ಪೋದು, ಬದಿಯಿಂದ ಬಿಸಿಲು ನುಗ್ಗದ ಹಾಗೆ ಕೂರೋದು ತಗೊಂಡ್ರೆ ಆಯ್ತು." ಅವಳು ಚೀಟಿಯನ್ನು ನೋಡುತ್ತ ಕುಳಿತಳು. ಡಾಕ್ಟರ ಮಾತೆಂಬ ಒಂದು ನೆವವಿತ್ತು. ಅದನ್ನು ಈ ಹುಡುಗಿ ಒಂದು ಟಾರ್ಚಿನಿಂದ ಆರಿಸಿಬಿಟ್ಟಳು. ಇನ್ನು ಕಪ್ಪನ್ನು ಆರಿಸಿದರೆ ಅದು ಆಸೆಯಿಂದ ಆರಿಸಿದ್ದೇ. ಅವನು ಟಾರ್ಚನ್ನು ಇಸಿದುಕೊಂಡು ಹೂವನ್ನು ಹೊತ್ತಿಸುತ್ತ, ಆರಿಸುತ್ತ, ಚಿಕ್ಕ ಮಕ್ಕಳ ಹಾಗೆ "ಹ್ಹಾ" ಎಂದು ದನಿ ಹೊರಡಿಸಿದ.

ಆಮೇಲೆ ಆಯ್ಕೆಯ ಹೊಣೆಯನ್ನು ಅವನೇ ಹೊತ್ತುಕೊಂಡ. ಆಸ್ಪತ್ರೆ ಕನ್ನಡಕವನ್ನು ಅವಳ ಮುಖದಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಅವಳು ಬೆಳಕು ಚುಚ್ಚಿದವಳಂತೆ ರೆಪ್ಪೆ ಮುಚ್ಚಿ ತಲೆ ತಗ್ಗಿಸಿದಳು. ಅವನು ಒಂದೊಂದೇ ಚೌಕಟ್ಟನ್ನು ಎತ್ತಿ, ಮಂಚದ ತಲೆಗಟ್ಟನ್ನು ಪರೀಕ್ಷಿಸುವವನ ಹಾಗೆ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ. ಉಗುರಿನ ಸುತ್ತ ಅರಗಿನ ಕಂದು ಎಂದೂ ಹೋಗದ ಬೆರಳು. ಒಂದನ್ನು ಮೂಗು ಮುರಿದು ಪಕ್ಕಕ್ಕಿಟ್ಟ: ಸಂದು ಸರಿಯಾಗಿ ಕೂಡಿಲ್ಲ. ಇನ್ನೊಂದು: ಅಂಚು ತೀಡಿಲ್ಲ, ಮಷೀನಿನ ಕೆಲಸ. ಮಷೀನು ಎಂಬುದಕ್ಕೆ ಅವನು ಮಾಡುವ ಸನ್ನೆ, ಮುಷ್ಟಿಯಿಂದ ಗಾಳಿಗೆ ಗುದ್ದುವುದು, ಅವಳ ಎದೆಗೇ ಬಡಿಯಿತು. "ಏನಂತಾರೆ ಸರ್?" ಎಂದು ಹುಡುಗಿ. "ಕೆಲಸ ಚೆನ್ನಾಗಿಲ್ವಂತೆ." "ಅಬ್ಬಾ, ಸರ್ ಭಾರೀ ಕಷ್ಟದ ಗಿರಾಕಿ!" "ಕಪಾಟಿಗೇ ಮೂರು ಸಲ ಬಣ್ಣ ಬಳಿದವರು" ಎಂದುಬಿಟ್ಟು, ತಾನು ನಕ್ಕದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ಹಾಂ, ಹಾಗೇ ನಗ್ತಾ ಇರಿ ಮೇಡಂ, ಕೆನ್ನೆಗೆ ತಾಗುತ್ತಾ ನೋಡ್ಬೇಕು. ನಕ್ಕಾಗ ಕನ್ನಡಕ ಮೇಲೇಳಬಾರದು. ಈಗ ಕೆಳಗೆ ನೋಡಿ. ತಲೆ ಅಲ್ಲಾಡಿಸಿ. ಜಾರಲ್ಲ ಅಲ್ವಾ? ನಿಮ್ಮದು ದುಂಡು ಮುಖ, ಮೂಲೆ ಇರೋದು ಒಪ್ಪುತ್ತೆ." ಅವಳು ನಕ್ಕಳು, ಕೆಳಗೆ ನೋಡಿದಳು, ತಲೆಯಲ್ಲಾಡಿಸಿದಳು. ನಗು ಎಂದರೆ ಕೆನ್ನೆ ಎತ್ತುವುದು ಎಂಬಷ್ಟಕ್ಕೆ ಅದು ಸುಲಭವಾಗಿಯೇ ಬಂತು.

ಅಜ್ಜಿ ಹೇಳುತ್ತಿದ್ದ ಒಂದು ಕತೆಯಿತ್ತು. ಮನುಷ್ಯರ ಕಣ್ಣಿನೊಳಗೆ ಇಣುಕಿ ಮನಸ್ಸಿನಲ್ಲಿದ್ದದ್ದನ್ನು ಓದಿಬಿಡುವ ರಾಕ್ಷಸನೊಬ್ಬ. ಅವನ ಕೈಗೆ ಸಿಕ್ಕ ಹುಡುಗಿ ಓಡಿಹೋಗಬೇಕೆಂದುಕೊಂಡ ಕೂಡಲೇ ಅವನಿಗೆ ತಿಳಿದುಹೋಗುತ್ತಿತ್ತು. ಒಂದು ದಿನ ಅವಳು ಇರುಳಿನ ಅಂಚನ್ನು ಒಂದು ಗೇಣು ಹರಿದು ಕಣ್ಣಿಗೆ ಕಟ್ಟಿಕೊಂಡಳು. ರಾಕ್ಷಸ ಎಷ್ಟು ನೋಡಿದರೂ ಒಳಗೆ ಕತ್ತಲೆಯೇ. ಅವಳು ತಪ್ಪಿಸಿಕೊಂಡು ಮನೆ ಸೇರಿದಳು. ಅಜ್ಜಿಯ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅದೇ ಕತೆಯನ್ನು ಚಿಕ್ಕಮ್ಮ ಹೇಳಿದರೆ ಅದರಲ್ಲಿ ರಾಕ್ಷಸನಿರಲಿಲ್ಲ, ಬರೀ ಒಬ್ಬ ಗಂಡಸಿದ್ದ. ಮತ್ತು ಹುಡುಗಿ ಮನೆ ಸೇರಿದ ಮೇಲೆಯೂ ಕತೆ ಮುಂದುವರಿಯುತ್ತಿತ್ತು. ಹೊಸ್ತಿಲಲ್ಲಿ ನಿಂತವಳನ್ನು ನೋಡಿ ಹೆತ್ತ ತಾಯಿ, "ಯಾರಮ್ಮ ನೀನು?" ಎಂದು ಕೇಳುತ್ತಾಳೆ. ಹುಡುಗಿ ಬಟ್ಟೆ ಬಿಚ್ಚಿ ತೋರಿಸಹೋದರೆ ಇರುಳಿನ ಗಂಟಿಗೆ ತುದಿಯೇ ಸಿಗುವುದಿಲ್ಲ. ಆಮೇಲೆ? ಯಾರು ಬಿಚ್ಚಿದರು? "ಅದನ್ನ ಹೇಳೋ ಹೊತ್ತಿಗೆ ನಿನಗೆ ನಿದ್ದೆ ಬಂದಿರ್ತಿತ್ತಲ್ಲೇ" ಎಂದು ಚಿಕ್ಕಮ್ಮ ನಗುತ್ತಿದ್ದಳು. ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅವನು ಅವಳ ಭುಜ ತಟ್ಟಿ ಕನ್ನಡಿಯ ಕಡೆ ತಿರುಗಿಸಿದ. ಕನ್ನಡಿಯಲ್ಲಿ ಅವಳ ಹಿಂದೆ ನಿಂತು, ಅವನ ಕೈಗಳು ಹೇಳಿದವು: "ಚೆಂದ ಮಾತ್ರ ನೋಡಿದ್ರೆ ಆಗಲ್ಲ. ಹಾಕ್ಕೊಂಡು ಮಾತಾಡು. ನಿಜ, ಸುಳ್ಳು. ನಾನು ಹೇಳ್ತೀನಿ." ಹಳೆಯ ಆಟ. "ಇಲ್ಲಿ ಬೇಡ, ಜನ ನೋಡ್ತಾರೆ" ಎಂದಳು. "ನೋಡಲಿ, ಅರ್ಥ ಆಗುತ್ತಾ ಅವರಿಗೆ?" ಎಂದ. ತಿಳಿ ಚಹಾ ಬಣ್ಣದ್ದನ್ನು ಅವನೇ ಅವಳ ಕಿವಿಗೇರಿಸಿದ. "ನಿನ್ನೆ ತಾರಸಿಯಿಂದ ಒಂದು ಚಾದರ ಹಾರಿ ರಸ್ತೆಗೆ ಬಿತ್ತು" ಎಂದಳು. ಅವನ ಬೆರಳು ತಡವಿಲ್ಲದೆ ಸೊಟ್ಟಗೆ ಹರಿಯಿತು. "ಇಸ್ತ್ರಿಯಕ್ಕ ನಿನ್ನನ್ನ ರಾಜ ಅಂದಳು." ಅಂಗೈ ನೇರವಾಯಿತು, ಎದೆಯೂ ಉಬ್ಬಿತು. ಹುಡುಗಿ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು. ನೀಲಿ ಗಾಜಿನದನ್ನು ಹಾಕಿಕೊಂಡು, "ನಿನ್ನ ಮೇಲೆ ಸಿಟ್ಟಿಲ್ಲ" ಎಂದಳು. ಸೊಟ್ಟ. ಅವನು ಹುಬ್ಬು ಗಂಟಿಕ್ಕಿದ. ಯಾಕೆ ಸಿಟ್ಟು? ಅವಳು ಬೇಗ ಬೇಗ ಆ ಕನ್ನಡಕವನ್ನು ಕಿತ್ತು, ಕೈಗೆ ಸಿಕ್ಕ ದೊಡ್ಡ ಕಪ್ಪನೆಯದನ್ನು ಹಾಕಿಕೊಂಡಳು.

ಲೋಕ ತಂಪಾಯಿತು. ಕನ್ನಡಿಯಲ್ಲಿ ಯಾರೋ ಸ್ಥಿತಿವಂತ ಹೆಂಗಸು, ಯಾರ ಹಂಗೂ ಇಲ್ಲದವಳು. ಎಷ್ಟು ಒಪ್ಪಿತೆಂದರೆ ಪಕ್ಕದ ಗಿರಾಕಿಯೂ ಕತ್ತು ಚಾಚಿ ನೋಡಿದಳು. ಆ ಹೆಂಗಸಿನ ಹಿಂದೆ ಅವಳ ಗಂಡ, ಭುಜದ ಹೊಲಿಗೆ ಬಿಟ್ಟ ಅಂಗಿಯಲ್ಲಿ, ಆಟ ಮುಂದುವರಿಯಲೆಂದು ಕಾಯುತ್ತ ನಿಂತಿದ್ದ. ಆ ಹೆಂಗಸಿನ ಕೈಗಳು ಮೇಲೆದ್ದವು. ಉಂಗುರ ತಿರುಗಿಸಿದವು. ಇವಳು ಬೇಡ ಬೇಡವೆನ್ನುವಷ್ಟರಲ್ಲಿ ಹೇಳಿ ಮುಗಿಸಿದವು: "ಮಾಲೀಕರು ಸೋಮವಾರದಿಂದ ನೀನು ಬರೋದು ಬೇಡ ಅಂದ್ರು. ಪಾಲಿಶ್ ಮಾಡೋಕೆ ಮಷೀನು ಬಂದಿದೆ."

ಅವನು ಮುಂದಕ್ಕೆ ಬಾಗಿದ. ಕನ್ನಡಿಯ ಹತ್ತಿರಕ್ಕೆ, ಗಾಜಿಗೆ ಉಸಿರಿನ ಹಬೆ ಕಟ್ಟುವಷ್ಟು ಹತ್ತಿರಕ್ಕೆ ಬಂದು, ಕಪ್ಪು ಗಾಜಿನೊಳಗೆ ಹುಡುಕಿದ. ಸಿಕ್ಕಿಬೀಳಲಿ ಎಂದು ಬೇಡಿಕೊಂಡಳೋ ಸಿಕ್ಕದಿರಲಿ ಎಂದು ಬೇಡಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಅವನ ಮುಖ ಅರಳಿತು. ತೋರುಬೆರಳು ಎತ್ತರಕ್ಕೇರಿ, ಕನ್ನಡಿಯ ಉದ್ದಕ್ಕೂ, ಹಿಂದೆಂದಿಗಿಂತಲೂ ಸೊಟ್ಟಗೆ, ಕುಣಿಯುತ್ತ ಹರಿಯಿತು. ಸುಳ್ಳು! ಅಷ್ಟು ದೊಡ್ಡ ಸುಳ್ಳು! ಅವನ ಗಂಟಲಿನಿಂದ ನಗು ದನಿಯಾಗಿ ಹೊರಟು ಅಂಗಡಿಯ ತುಂಬ ಕೇಳಿಸಿತು. ಅದು ಏನೆಂದು ತಿಳಿಯದ ಹುಡುಗಿಯೂ ನಕ್ಕಳು. "ನೋಡಿದ್ಯಾ? ಇದನ್ನು ಹಾಕಿಕೊಂಡರೂ ನನಗೆ ಗೊತ್ತಾಗುತ್ತೆ. ಇದನ್ನೇ ತಗೋ. ರಾಣಿ ಥರ ಕಾಣ್ತೀಯ." ಹುಡುಗಿಯ ಕಡೆ ತಿರುಗಿ, ಇದೇ ಇದೇ ಎಂದು ಬೆರಳು ತೋರಿಸಿದ. "ಸರ್‌ಗೆ ಒಪ್ಪಿಗೆ ಆಯ್ತಾ? ಪ್ಯಾಕ್ ಮಾಡ್ಲಾ ಮೇಡಂ?"

ಬೇಕೆಂದದ್ದೆಲ್ಲ ಸಿಕ್ಕಿತ್ತು. ಹೇಳಿಯೂ ಆಗಿತ್ತು, ಹೇಳದೆಯೂ ಇದ್ದಂತಾಗಿತ್ತು. ಸೋಮವಾರ ಅವನು ಕಾರ್ಖಾನೆಯಿಂದ ಮರಳಿ ಬಂದಾಗ, "ಶನಿವಾರವೇ ಹೇಳಿದೆನಲ್ಲ, ನೀನೇ ನಂಬಲಿಲ್ಲ" ಎನ್ನಬಹುದು. ಕನ್ನಡಕ ಹಾಕಿಕೊಂಡೇ ಎನ್ನಬಹುದು. ಆ ಮಾತು ಬಾಯಿಪಾಠ ಮಾಡಿದಷ್ಟು ಅಚ್ಚುಕಟ್ಟಾಗಿ ತನ್ನೊಳಗೆ ಆಗಲೇ ಸಿದ್ಧವಾಗಿರುವುದನ್ನು ಅವಳು ಕಂಡಳು. ಎದುರಿನ ಕನ್ನಡಿಯಲ್ಲಿ ಆ ಸ್ಥಿತಿವಂತ ಹೆಂಗಸು ಇನ್ನೂ ಕುಳಿತೇ ಇದ್ದಳು. ಗಂಡ ಎರಡು ಬೆರಳುಂಗುರಗಳನ್ನು ಕಣ್ಣಿಗಿಟ್ಟುಕೊಂಡು ಅವಳನ್ನು ಕರೆಯುತ್ತಿದ್ದ. ಯಾರಮ್ಮ ನೀನು?

"ಬೇಡ," ಎಂದಳು. ಬಾಯಿಂದ ಹೇಳಿದ್ದನ್ನೇ ಕೈಯಿಂದಲೂ ಹೇಳಿದಳು. ಕಪ್ಪನ್ನು ತೆಗೆದು ಮೇಜಿನ ಮೇಲಿಟ್ಟಳು. ತಿಳಿ ಚಹಾ ಬಣ್ಣದ್ದನ್ನು ತಾನೇ ಹುಡುಕಿ ಹಾಕಿಕೊಂಡಳು. ಈ ಸಲ ಕನ್ನಡಿಗೆ ಬೆನ್ನುಮಾಡಿ, ಸ್ಟೂಲಿನಿಂದ ಎದ್ದು, ಅವನ ಎದುರಿಗೆ ನಿಂತಳು. ಉಂಗುರ ತಿರುಗಿಸಿದಳು. ಸೋಮವಾರದಿಂದ. ನೀನು. ಬರೋದು ಬೇಡ. ರೆಪ್ಪೆ ಬಡಿಯದೆ ಅವನನ್ನೇ ನೋಡಿದಳು, ಬಿಳಿ ಚಾದರಗಳ ನಡುವೆ ನಿಂತು ನೋಡಿದ ಹಾಗೆ.

ಅವನ ಬೆರಳು ಆಟದ ಹುರುಪಿನಲ್ಲಿ ಆಗಲೇ ಮೇಲೆದ್ದಿತ್ತು. ಅದು ಅರ್ಧದಲ್ಲೇ ನಿಂತಿತು. ಅತ್ತ ಸೊಟ್ಟಗೂ ಹರಿಯಲಿಲ್ಲ, ಇತ್ತ ಅಂಗೈಯೂ ಬಿಚ್ಚಲಿಲ್ಲ. ಅದೇ ಬೆರಳು ಕೇಳಿತು: ಯಾವಾಗ?

"ಬುಧವಾರ. ಫೋನಿನಲ್ಲಿ."

ಬುಧವಾರ. ಅವನು ಜೇಬಿನಿಂದ ಆಸ್ಪತ್ರೆಯ ಕನ್ನಡಕವನ್ನು ತೆಗೆದ. ತಿರುಗಿಸಿ ತಿರುಗಿಸಿ ನೋಡಿದ, ಒರಟು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಊಟ, ಟವೆಲು, ಸೋರುವ ಔಷಧಿ, ಒಳ್ಳೆಯ ಮನುಷ್ಯ ಎಂದದ್ದು, ಎಲ್ಲವೂ ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋಗುವುದನ್ನು ಅವಳು ನೋಡಿದಳು. ಅವನ ಕಣ್ಣುಗಳನ್ನು ತಾನೂ ಓದಬಲ್ಲೆ, ಇಷ್ಟು ವರ್ಷವೂ ಓದುತ್ತಲೇ ಬಂದಿದ್ದೇನೆ ಎಂಬುದು ಅವಳಿಗೆ ಹೊಸ ವಿಷಯವಾಗಿತ್ತು. ಓದಿದ್ದು ಸಾಕೆನ್ನಿಸುವಷ್ಟು ಅಲ್ಲಿತ್ತು. ಇನ್ನು ಓದಿಸಿಕೊಳ್ಳುವುದು ಸಾಕೆಂದು ಅವನಿಗೂ ಅನ್ನಿಸಿರಬೇಕು. ಆಸ್ಪತ್ರೆಯದನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿದ್ದ ದೊಡ್ಡ ಕಪ್ಪು ಕನ್ನಡಕವನ್ನು ಎತ್ತಿ, ತಾನೇ ಹಾಕಿಕೊಂಡ.

"ಅರೆ, ಸರ್‌ಗೂ ಚೆನ್ನಾಗಿ ಒಪ್ಪುತ್ತೆ!" ಎಂದಳು ಹುಡುಗಿ. ಇಬ್ಬರಲ್ಲಿ ಯಾರೂ ಅವಳ ಕಡೆ ತಿರುಗದಿರುವುದನ್ನು ಕಂಡು ಟಾರ್ಚನ್ನು ಡ್ರಾಯರಿನಲ್ಲಿಟ್ಟಳು.

ಅವಳ ಎದುರು ಈಗ ಎರಡು ಕಪ್ಪು ಗಾಜುಗಳಿದ್ದವು, ಎರಡರಲ್ಲೂ ಪುಟ್ಟದಾಗಿ ಅವಳೇ. ಅವನ ತುಟಿ ಬಿಗಿದಿತ್ತೋ, ಸುಮ್ಮನೆ ಮುಚ್ಚಿತ್ತೋ. ಸಿಟ್ಟೋ, ಅಳುವೋ, ನಾಚಿಕೆಯೋ. ಕಣ್ಣಿಲ್ಲದೆ ಒಂದು ಮುಖ ಇಷ್ಟು ದೂರವಿರಬಲ್ಲುದೆಂದು ಅವಳಿಗೆ ಗೊತ್ತಿರಲಿಲ್ಲ. "ಮಾತಾಡು" ಎಂದಳು. "ಏನಾದರೂ ಹೇಳು. ಬೈಯಿ." ಅವನ ಕೈಗಳು ಪಕ್ಕದಲ್ಲಿ ಜೋತುಬಿದ್ದಿದ್ದವು, ಕೆಲಸ ಮುಗಿದ ಕೈಗಳು. ಆಮೇಲೆ ಬಲಗೈ ನಿಧಾನವಾಗಿ ಮೇಲಕ್ಕೆ ಬಂತು. ಉಂಗುರವಾಗಲಿಲ್ಲ. ತೋರುಬೆರಳೊಂದೇ ಮುಂದೆ ಬಂದು, ಬಲಗಣ್ಣಿನ ಅಂಚು ಇರಬೇಕಾದಲ್ಲಿ ತಡಕಿತು. ಅಲ್ಲಿ ಚೌಕಟ್ಟಿತ್ತು. ಬೆರಳು ಅದಕ್ಕೆ ತಾಗಿ ನಿಂತಿತು.

ಅವಳು ಎರಡೂ ಕೈಗಳನ್ನು ಚಾಚಿ ಅವನ ಕಿವಿಗಳವರೆಗೆ ಒಯ್ದಳು. ಅವನು ಅವಳಿಗಿಂತ ಎತ್ತರ; ಬೆರಳ ತುದಿಗಳು ಕನ್ನಡಕದ ಕಡ್ಡಿಗಳಿಗೆ ತಾಗಿಯೂ ತಾಗದಂತೆ ಗಾಳಿಯಲ್ಲಿ ನಿಂತವು. ಹೊರಗೆ ಬೀದಿಯಲ್ಲಿ ಬಿಸಿಲು ಗಾಜಿನ ಬಾಗಿಲಿಗೆ ಬಂದು ಒರಗಿತ್ತು. ತೆಗೆಯಬೇಕಾದರೆ ಅವನು ಸ್ವಲ್ಪ ತಲೆ ಬಗ್ಗಿಸಬೇಕಿತ್ತು. ಅವಳು ಕೈ ಇಳಿಸಲಿಲ್ಲ.